ಧನುಷ್ಕೋಡಿಗೆ ಕೆಂಪು ಫಿಲ್ಟರ್ ಬೇಡ

ಕಪ್ಪು-ಬಿಳುಪು ರೀಲ್ ಹಿಡಿದು ಪಾಳೂರಿನ ಫೋಟೊ ತೆಗೆಯಲು ಹೊರಟವರು ಕೆಂಪು ಫಿಲ್ಟರನ್ನು ಮರೆಯುವುದಿಲ್ಲ. ನಾನೂ ಮರೆತಿರಲಿಲ್ಲ. ಲೆನ್ಸಿಗೆ ಅದನ್ನು ತಿರುಗಿಸಿ ಕೂರಿಸಿದರೆ ಮೂರು ಸ್ಟಾಪ್ ಬೆಳಕನ್ನು ನುಂಗಿ, ನೀಲಿ ಆಕಾಶಕ್ಕೆ ಕಾಡಿಗೆ ಬಳಿದುಕೊಡುತ್ತದೆ. ಮುರುಕು ಗೋಡೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ನೋಡಿದವರು ‘ಅಬ್ಬಾ’ ಎನ್ನುತ್ತಾರೆ. ಆ ‘ಅಬ್ಬಾ’ದ ರುಚಿ ಹತ್ತಿದರೆ ಬಿಡುವುದು ಕಷ್ಟ.

ರಾಮೇಶ್ವರದಿಂದ ಸುಮಾರು 20 ಕಿ.ಮೀ. ಆಚೆ, ಎರಡೂ ಕಡೆ ಕಡಲಿರುವ ಮರಳುದಿಣ್ಣೆಯ ಮೇಲೆ ಧನುಷ್ಕೋಡಿ ಇದೆ. ಹೆಸರಿನ ಅರ್ಥ ಬಿಲ್ಲಿನ ತುದಿ. ಕನ್ನಡದ ಕಿವಿಗೆ ಮಾತ್ರ ಕೋಡಿ ಎಂದರೆ ಕೆರೆ ತುಂಬಿ ಹೊರಚೆಲ್ಲುವ ನೀರು. ಈ ಊರಿನ ಪಾಲಿಗೆ ಎರಡು ಅರ್ಥವೂ ಕೂಡಿಬಂದವು. 1914ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ರೈಲಿನಲ್ಲಿ ಇಲ್ಲಿಗೆ ಬಂದವರು ಹಡಗು ಹತ್ತಿ ಸಿಲೋನಿನ ತಲೈಮನ್ನಾರಿಗೆ ಹೋಗುತ್ತಿದ್ದರು. 1964ರ ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತ ಊರನ್ನೂ, ಊರಿನತ್ತ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನೂ ಕೊಚ್ಚಿಕೊಂಡು ಹೋಯಿತು. ಇದು ವಾಸಕ್ಕೆ ತಕ್ಕ ಜಾಗವಲ್ಲ ಎಂದು ಸರ್ಕಾರ ಸಾರಿತು. ಆದರೂ ಮೀನುಗಾರರು ಗುಡಿಸಲು ಹಾಕಿಕೊಂಡು ಇಲ್ಲೇ ಇದ್ದಾರೆ.

ಎರಡನೇ ಸಲ ಹೋದಾಗ ಮೊದಲ ಸಲದ ನಾಲ್ಕು ಪ್ರಿಂಟುಗಳನ್ನು ಒಯ್ದಿದ್ದೆ. ಹಾಳುಬಿದ್ದ ಚರ್ಚಿನ ಮುಂದೆ ಕಪ್ಪೆಚಿಪ್ಪು ಮಾರುವ ಅಜ್ಜಿಯೊಬ್ಬರ ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ತಂದು, ದೂರ ಹಿಡಿದು ನೋಡಿದರು. ಆಮೇಲೆ ಅವರು ಕೇಳಿದ ಒಂದು ಪ್ರಶ್ನೆ ನನ್ನ ಅರೆಬರೆ ತಮಿಳಿಗೂ ಅರ್ಥವಾಯಿತು: ಅವತ್ತು ಮಳೆ ಬರುವ ಹಾಗಿತ್ತಾ?

ಇರಲಿಲ್ಲ. ಅವತ್ತು ಕಣ್ಣು ಬಿಡಲಾಗದಂಥ ಬಿಸಿಲು. ಮರಳು ಬಿಳಿ, ಎಡಬಲದ ಕಡಲೂ ಹೊಳಪು. ಹೊತ್ತು ಏರಿದ ಮೇಲೆ ಗೋಡೆಯ ಬುಡಕ್ಕೂ ಅಂಗೈಯಗಲದ ನೆರಳು ಸಿಗುವುದಿಲ್ಲ. ಆ ರಾತ್ರಿಯನ್ನು ಕಾಣದ ನಾನು ಗಾಜಿನ ತುಂಡೊಂದರಿಂದ ಅದನ್ನು ಮತ್ತೆ ಕರೆಸಲು ಹೋಗಿದ್ದೆ. ಅಲ್ಲಿ ಉಳಿದಿರುವುದು ಬಿರುಗಾಳಿಯಲ್ಲ, ಬೆಳಕು.

ಅಂದಿನಿಂದ ಕೆಂಪು ಫಿಲ್ಟರ್ ಮನೆಯಲ್ಲೇ ಉಳಿಯುತ್ತದೆ. 400 ವೇಗದ ರೀಲ್ ಒಂದು, 50 ಎಂಎಂ ಲೆನ್ಸ್ ಒಂದು, ಅಷ್ಟೇ. ಮೀಟರನ್ನು ಮರಳಿನತ್ತ ಹಿಡಿದು ಅದು ಹೇಳಿದಂತೆ ತೆಗೆದರೆ ಕೆಟ್ಟಿರಿ. ಮೀಟರಿಗೆ ಲೋಕವೆಲ್ಲ ಬೂದು. ಬಿಳಿ ಮರಳನ್ನೂ ಬೂದಿ ಮಾಡಿಡುತ್ತದೆ. ಒಂದೂವರೆ ಸ್ಟಾಪ್‌ನಷ್ಟಾದರೂ ಹೆಚ್ಚು ಬೆಳಕು ಕೊಡಿ. ರೀಲ್ ಬದಲಿಸುವುದು ಗೋಡೆಯ ಮರೆಯಲ್ಲಿ, ಗಾಳಿಗೆ ಬೆನ್ನು ಹಾಕಿ. ನನ್ನ ಅಸಡ್ಡೆಯಿಂದ ಒಳಹೊಕ್ಕ ಒಂದೇ ಮರಳಕಣ ಒಮ್ಮೆ 36 ನೆಗೆಟಿವ್‌ಗಳ ಉದ್ದಕ್ಕೂ ಗೀರು ಎಳೆದಿತ್ತು.

ಇನ್ನು ಚರ್ಚಿನ ಗೋಡೆ. ಅದನ್ನು ಕಟ್ಟಿರುವುದು ಹವಳದ ಕಲ್ಲಿನಿಂದ. ಗಾರೆ ಉದುರಿದಲ್ಲಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ. ಜೇನುಹುಟ್ಟಿನಂಥ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಒಂದೊಂದೂ ಒಂದು ಕಾಲಕ್ಕೆ ಕಡಲೊಳಗಿನ ಜೀವಿಯ ಮನೆ. ನೀರಿನಿಂದ ಎತ್ತಿ ತಂದ ಮನೆಗಳನ್ನು ಪೇರಿಸಿ ಕಟ್ಟಿದ ಊರನ್ನು ನೀರೇ ಕೆಡವಿತು. ಮಧ್ಯಾಹ್ನ ಈ ತೂತುಗಳು ಚಪ್ಪಟೆ. ಸಂಜೆ ನಾಲ್ಕರ ಮೇಲೆ ಬಿಸಿಲು ಓರೆಯಾದಾಗ ಒಂದೊಂದರಲ್ಲೂ ಚಿಟಿಕೆ ನೆರಳು ತುಂಬುತ್ತದೆ. ಅಲ್ಲಿಯವರೆಗೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಆಮೇಲೆ ಗೋಡೆಯ ನೆರಳಿನ ಮೇಲೆ ಮೀಟರ್ ಹಿಡಿದು, ಎರಡು ಸ್ಟಾಪ್ ಇಳಿಸಿ, ಒತ್ತಿ. ಆಕಾಶದ ಚಿಂತೆ ಬೇಡ. ಪ್ರಿಂಟ್ ಹಾಕುವಾಗಲೂ ಅದನ್ನು ಕಪ್ಪಾಗಿಸಲು ಹೋಗಬೇಡಿ. ನನ್ನ ಈಚಿನ ಪ್ರಿಂಟುಗಳಲ್ಲಿ ಧನುಷ್ಕೋಡಿಯ ಆಕಾಶವೆಂದರೆ ಏನೂ ಮೂಡದೆ ಉಳಿದ ಕಾಗದ. ಮುಂದಿನ ಸಲ ಅಜ್ಜಿಗೆ ಅದನ್ನೇ ಒಯ್ಯುತ್ತೇನೆ.