ಕಸವಲ್ಲ, ಸಂಜೆಯ ನೀರು

ಕೈತೋಟದ ಬಗ್ಗೆ ಬರೆಯುವವರು, ಮಾತಾಡುವವರು ಎಲ್ಲರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಂತಿದೆ: ಸಿಂಬಳದ ಹುಳು ಬರುವುದು ಕಸದಿಂದ. ತರಗೆಲೆ ಗುಡಿಸಿ, ಹೊದಿಕೆ ತೆಗೆಯಿರಿ, ಗೊಬ್ಬರದ ಗುಂಡಿಯನ್ನು ದೂರವಿಡಿ, ಪಾತಿಯ ಸುತ್ತ ಮೊಟ್ಟೆಸಿಪ್ಪೆ ಪುಡಿ ಉದುರಿಸಿ, ಆಮೇಲೂ ಕಂಡ ಹುಳುವಿನ ಮೇಲೆ ಉಪ್ಪು ಹಾಕಿ. ಈ ಸಲಹೆ ಕೊಡುವವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಬುಡಸಮೇತ ಮಾಯವಾದ ಸಸಿಮಡಿ ಕಂಡವರಿಗೆ ಆಗುವ ಸಂಕಟ ಅವರಿಗೂ ಗೊತ್ತು. ಆದರೆ ಈ ಸಲಹೆಯ ಬುಡದಲ್ಲಿರುವ ತಿಳಿವಳಿಕೆಯೇ ತಪ್ಪು ಎನ್ನುವುದು ನನ್ನ ತಕರಾರು. ಹುಳು ಎಲ್ಲಿಂದಲೋ ಕಸದ ವಾಸನೆ ಹಿಡಿದು ಬರುವ ಅತಿಥಿಯಲ್ಲ. ಅದು ಮೊದಲಿಂದಲೂ ಅಲ್ಲೇ ಇದೆ. ಕುಂಡದ ಅಡಿ, ಇಟ್ಟಿಗೆಯ ಸಂದು, ಮಣ್ಣಿನ ಬಿರುಕು, ನಲ್ಲಿಯ ಬುಡ ಇವೇ ಅದರ ಹಗಲಿನ ಮನೆ. ಕೇಳಬೇಕಾದ ಪ್ರಶ್ನೆ ಬೇರೆ: ಅಡಗಿದ್ದ ಹುಳುವನ್ನು ಇಂಥ ರಾತ್ರಿಯೇ, ಇಂಥ ಗಿಡದ ಬಳಿಗೇ ಹೊರಡಿಸುವುದು ಯಾವುದು?

ಇದಕ್ಕೆ ಉತ್ತರ ಅದರ ಮೈಯಲ್ಲೇ ಇದೆ. ಬಸವನಹುಳುವಿಗೆ ಬಿಸಿಲಿಗೆ ಒಳಸೇರಿಕೊಳ್ಳಲು ಚಿಪ್ಪು ಇದೆ, ಇದಕ್ಕಿಲ್ಲ. ಮೈಯ ಬಹುಪಾಲು ನೀರು. ತೆವಳಬೇಕಾದರೆ ಲೋಳೆ ಸುರಿಸಬೇಕು, ಲೋಳೆಯೂ ಬಹುಪಾಲು ನೀರೇ. ಹಾಗಾಗಿ ಒಂದು ಅಡಿ ದೂರದ ಪ್ರಯಾಣಕ್ಕೂ ಅದು ಮೈಯೊಳಗಿನ ನೀರನ್ನು ಖರ್ಚು ಮಾಡಬೇಕು. ಒಣ ನೆಲದ ಮೇಲೆ ಆ ಖರ್ಚು ದುಬಾರಿ, ಒದ್ದೆ ನೆಲದ ಮೇಲೆ ಅಗ್ಗ. ನಾವು ಆಫೀಸಿನಿಂದ ಬಂದು, ಸಂಜೆ ಆರೂವರೆಗೆ ಪೈಪು ಹಿಡಿದು ಪಾತಿಯನ್ನೆಲ್ಲ ತೋಯಿಸುತ್ತೇವಲ್ಲ, ಆ ಕ್ಷಣಕ್ಕೆ ಕತ್ತಲೂ ತೇವವೂ ಒಟ್ಟಿಗೆ ಒದಗುತ್ತವೆ. ಲೆಟ್ಯೂಸ್ ಮೇಲೆ ಸ್ವಿಸ್ ಸಂಶೋಧಕರು ಇದನ್ನೇ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು: ಸಂಜೆಯ ಬದಲು ಬೆಳಿಗ್ಗೆ ನೀರು ಕೊಟ್ಟಾಗ ಹುಳುವಿನ ಹಾನಿ ಗಣನೀಯವಾಗಿ ಇಳಿಯಿತು. ಪುಡಿ ಬೇಡ, ಮದ್ದು ಬೇಡ, ಗಡಿಯಾರ ನೋಡಿದರೆ ಸಾಕು. ಇಷ್ಟು ಸರಳವಾದ ಮಾತು ನಮ್ಮ ತೋಟಗಾರಿಕೆಯ ಉಪದೇಶಗಳಲ್ಲಿ ಮೊಟ್ಟೆಸಿಪ್ಪೆಗಿಂತ ಹಿಂದೆ ಬಿದ್ದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನು ಆಹಾರದ ವಿಷಯ. ಸಿಂಬಳದ ಹುಳುಗಳಲ್ಲಿ ಬಹಳಷ್ಟು ಜಾತಿಗಳು ಕೊಳೆತದ್ದನ್ನು, ಬಾಡಿದ್ದನ್ನು, ಶಿಲೀಂಧ್ರವನ್ನು ತಿಂದು ಬದುಕುವಂಥವು. ಬ್ರಿಟನ್ನಿನಲ್ಲಿ ಗುರುತಿಸಿರುವ ಸುಮಾರು 44 ಜಾತಿಗಳಲ್ಲಿ ತೋಟದ ಗಿಡ ತಿನ್ನುವವು ಒಂಬತ್ತೇ. ಅಲ್ಲಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2022ರಲ್ಲಿ ಇವುಗಳನ್ನು 'ಪೀಡೆ' ಎಂದು ಕರೆಯುವುದನ್ನೇ ನಿಲ್ಲಿಸಿತು. ಆದರೆ ಈ ಸಮಾಧಾನವನ್ನು ಹಾಗೇ ಎತ್ತಿ ಇಲ್ಲಿಗೆ ತಂದಿಡುವ ಹೊಸ ಪರಿಸರವಾದಿ ಬರಹಗಳನ್ನೂ ನಾನು ಒಪ್ಪಲಾರೆ. ಬೆಂಗಳೂರಿನ ಕೈತೋಟಗಳಲ್ಲಿ ಸಾಮಾನ್ಯವಾಗಿ ಸಿಗುವ ಲೇವಿಕಾಲಿಸ್ ಆಲ್ಟೆ ಎಂಬ ಜಾತಿ ಆಫ್ರಿಕಾ ಮೂಲದ್ದು, ಹಸಿ ಗಿಡವನ್ನೇ ಮೇಯುವಂಥದ್ದು. ಕುಂಡ ಎತ್ತಿ ನೋಡಿ: ಚಪ್ಪಟೆ ಮೈ, ತೊಗಲಿನಂಥ ಕಂದುಗಪ್ಪು ಬೆನ್ನು, ಬೆನ್ನಿನ ನಟ್ಟನಡುವೆ ತಲೆಯಿಂದ ಬಾಲದವರೆಗೆ ಎಳೆದ ತೆಳುಬಣ್ಣದ ಗೆರೆ. ಮುಟ್ಟಿದರೆ ತಲೆ, ಕೊಂಬು ಎಲ್ಲ ಬೆನ್ನಿನಡಿ ಸೇರಿ ಬರೀ ತೊಗಲಿನ ತುಂಡಿನ ಹಾಗೆ ಬಿದ್ದಿರುತ್ತದೆ. ಇದರ ಚರ್ಮ ಉಳಿದ ಜಾತಿಗಳಿಗಿಂತ ಒಣಹವೆಯನ್ನು ಚೆನ್ನಾಗಿ ತಾಳುತ್ತದೆ. ಬಿರುಬೇಸಿಗೆಯಲ್ಲಿ ಮಣ್ಣಿನೊಳಗೆ ಇಳಿದು ಕಾಯುತ್ತದೆ. ಕಸ ಗುಡಿಸಿದ ಮಾತ್ರಕ್ಕೆ ಇದು ಊರು ಬಿಡುವುದಿಲ್ಲ.

ಬದಲಿಗೆ ಏನಾಗುತ್ತದೆ? ತರಗೆಲೆ, ಬಾಡಿದ ಎಲೆ, ಕಳೆಗಳನ್ನೆಲ್ಲ ತೆಗೆದು ಕನ್ನಡಿಯಂತೆ ಮಾಡಿದ ಪಾತಿಯಲ್ಲಿ ತಿನ್ನಲು ಉಳಿಯುವುದು ನಿನ್ನೆ ನೆಟ್ಟ ಸಸಿ ಮಾತ್ರ. ಅದರಲ್ಲೂ ಎರಡೆಲೆಯ ಎಳೆ ಸಸಿ, ನೈಟ್ರೋಜನ್ ಹೆಚ್ಚಾಗಿ ಕೊಬ್ಬಿದ ಮೆದು ಎಲೆ. ಸ್ವಚ್ಛತೆಯ ಪಾಠ ಹುಳುವಿನ ಮುಂದಿದ್ದ ಬೇರೆ ಊಟವನ್ನೆಲ್ಲ ತೆಗೆದು ನಮ್ಮ ಸಸಿಯೊಂದನ್ನೇ ಬಡಿಸುತ್ತದೆ. ಇನ್ನೊಂದು ನಂಬಿಕೆ ಚೆಂಡುಹೂವಿನದು. ಟೊಮೆಟೊ ಕಾಯಿಕೊರಕದ ಹುಳುವನ್ನು ಸೆಳೆದುಕೊಳ್ಳುವ ಬಲೆಬೆಳೆಯಾಗಿ ಚೆಂಡುಹೂವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿತು. ಅದು ಸರಿಯಾದ ಶಿಫಾರಸೇ. ಅದನ್ನು 'ಚೆಂಡುಹೂವಿದ್ದರೆ ಯಾವ ಹುಳುವೂ ಬರದು' ಎಂದು ಹಿಗ್ಗಿಸಿದವರು ನಾವು. ಸಿಂಬಳದ ಹುಳುವಿಗೆ ಚೆಂಡುಹೂವಿನ ಎಳೆಗಿಡ ಬಲು ಇಷ್ಟ. ಕಾವಲಿಗೆಂದು ನೆಟ್ಟ ಗಿಡವೇ ಕರೆಯೋಲೆಯಾಗುತ್ತದೆ.

ವಾಸನೆಯ ಸೆಳೆತ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕೊಂಬುಗಳಿಂದ ಹುಳು ವಾಸನೆ ಹಿಡಿಯುತ್ತದೆ, ಆ ಶಕ್ತಿ ಚುರುಕಾದದ್ದು. ಬಟ್ಟಲಿನಲ್ಲಿ ಬಿಯರ್ ಇಟ್ಟರೆ ಹುಳು ಬಂದು ಬೀಳುವುದು ನಿಜ. ಎಳೆಯುವುದು ಮದ್ಯವಲ್ಲ, ಹುದುಗಿನ ವಾಸನೆ. ಹಿಟ್ಟು, ನೀರು, ಯೀಸ್ಟ್ ಕಲಸಿದ ಬ್ರೆಡ್ ಕಣಕವೂ ಅಷ್ಟೇ ಚೆನ್ನಾಗಿ ಎಳೆಯುತ್ತದೆಂದು ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಇದನ್ನು ಒಪ್ಪಿದರೆ ನಮ್ಮದೇ ಒಂದು ಅಭ್ಯಾಸವನ್ನು ಪ್ರಶ್ನಿಸಬೇಕಾಗುತ್ತದೆ. ಉಳಿದ ದೋಸೆಹಿಟ್ಟು ತೊಳೆದ ನೀರು, ಹುಳಿಬಂದ ಅಕ್ಕಿ ತೊಳೆದ ನೀರು, ಬೆಲ್ಲ ಹಾಕಿ ಹುದುಗಿಸಿದ ಜೀವಾಮೃತ ಇವನ್ನೆಲ್ಲ ಸಂಜೆ ಹೊತ್ತು ಎಳೆಗಿಡದ ಬುಡಕ್ಕೇ ಸುರಿಯುವುದು ನಮ್ಮಲ್ಲಿ ರೂಢಿ. ಇವುಗಳ ಗುಣದ ಬಗ್ಗೆ ನನ್ನ ಜಗಳವಿಲ್ಲ, ಸುರಿಯುವ ಹೊತ್ತು ಮತ್ತು ಜಾಗದ ಬಗ್ಗೆ ಇದೆ. ಹುದುಗಿನ ವಾಸನೆಗೆ ಬರುವ ಪ್ರಾಣಿಗೆ ದಾರಿ ತೋರಿಸಿ, ಆಮೇಲೆ ತರಗೆಲೆಯನ್ನು ದೂಷಿಸುವುದು ತರ್ಕವಲ್ಲ.

ಬೇಲಿಗಳ ಕಥೆಯನ್ನು ಬೇಗ ಮುಗಿಸಬಹುದು. ಅದೇ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 108 ಲೆಟ್ಯೂಸ್ ಗಿಡಗಳನ್ನು ಬೆಳೆಸಿ ಮೊಟ್ಟೆಸಿಪ್ಪೆ, ತಾಮ್ರದ ಪಟ್ಟಿ, ಹರಳುಪುಡಿ, ಮರದ ತೊಗಟೆ, ಉಣ್ಣೆಯ ಉಂಡೆ ಎಲ್ಲವನ್ನೂ ಪರೀಕ್ಷಿಸಿತು. 2018ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಬೇಲಿ ಇದ್ದ ಗಿಡಕ್ಕೂ ಇಲ್ಲದ ಗಿಡಕ್ಕೂ ಆದ ಹಾನಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಉಪ್ಪು ಹುಳುವನ್ನು ಕೊಲ್ಲುತ್ತದೆ, ಜೊತೆಗೆ ಪಾತಿಯ ಮಣ್ಣನ್ನೂ ಕೆಡಿಸುತ್ತದೆ. ಮೆಟಾಲ್ಡಿಹೈಡ್ ಗುಳಿಗೆ ನಾಯಿಗಳಿಗೆ ಮಾರಕ. ಬ್ರಿಟನ್ನಿನಲ್ಲಿ 2022ರ ಏಪ್ರಿಲ್‌ನಿಂದ ಅದನ್ನು ಹೊರಾಂಗಣದಲ್ಲಿ ಬಳಸುವಂತಿಲ್ಲ. ಹುಳುವನ್ನು ತಿನ್ನುವವರು ನಮ್ಮ ತೋಟದಲ್ಲೇ ಇದ್ದಾರೆ ಎಂಬುದನ್ನು ಈ ಮದ್ದಿನ ಭರದಲ್ಲಿ ಮರೆಯುತ್ತೇವೆ: ಕೆಂಬೂತ, ನೆಲಗಪ್ಪೆ, ನೆಲದ ಜೀರುಂಡೆ. ಮಿಂಚುಹುಳುವಿನ ಮರಿಗಳು ಬಸವನಹುಳು, ಸಿಂಬಳದ ಹುಳುಗಳನ್ನೇ ಬೇಟೆಯಾಡಿ ಬೆಳೆಯುತ್ತವೆ. ಈ ಮರಿಗಳಿಗೂ ಜೀರುಂಡೆಗೂ ಕಪ್ಪೆಗೂ ಬೇಕಾದ ನೆರಳು, ನಾವು ಕಸವೆಂದು ಗುಡಿಸಿ ಬೆಂಕಿಯಿಡುವ ಅದೇ ತರಗೆಲೆ.

ನನ್ನ ವಾದಕ್ಕೆ ಎದುರು ನಿಲ್ಲುವ ಗಟ್ಟಿ ಮಾತೊಂದಿದೆ, ಅದು ಮಲೆನಾಡಿನಿಂದ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ನೀರು ಹಾಕುವಾಗ ಬೆಳಿಗ್ಗೆ, ಸಂಜೆ ಎಂಬ ಲೆಕ್ಕಕ್ಕೆ ಏನರ್ಥ? ಆಗ ದಪ್ಪ ಹೊದಿಕೆ ಹುಳುವಿಗೆ ಆಶ್ರಯವಾಗುವುದಿಲ್ಲವೇ? ಆಗುತ್ತದೆ. ಮಳೆಗಾಲದಲ್ಲಿ ಎಳೆ ಸಸಿಯ ಕುತ್ತಿಗೆಗೆ ತಾಗುವಂತೆ ಹುಲ್ಲು ಹೊದಿಸುವುದನ್ನು ನಾನೂ ಸಮರ್ಥಿಸಲಾರೆ. ಸಸಿ ಬಲಿಯುವವರೆಗೆ ಬುಡದಿಂದ ಒಂದು ಗೇಣು ಬಿಟ್ಟು ಹೊದಿಸಬೇಕು, ಬಸಳೆ, ಹರಿವೆ, ಬೀನ್ಸ್ ಸಸಿಗಳನ್ನು ತುಸು ಬಲಿತ ಮೇಲೆಯೇ ಪಾತಿಗಿಳಿಸಬೇಕು. ಆದರೆ ಹೊದಿಕೆಯನ್ನೇ ಬಿಡುವುದು ಪರಿಹಾರವಲ್ಲ. ಆಶ್ರಯ ಹುಡುಕುವ ಹುಳುವಿನ ಗುಣವನ್ನೇ ಬಳಸಿಕೊಳ್ಳಬಹುದು. ಸಂಜೆ ಒದ್ದೆ ಗೋಣಿಚೀಲವನ್ನು ಪಾತಿಯಂಚಿಗೆ ಹಾಸಿ, ಅಡಿಯಲ್ಲಿ ಎಲೆಕೋಸಿನ ಹೊರದಳವನ್ನೋ ಪಪ್ಪಾಯಿ ದಂಟಿನ ಚೂರನ್ನೋ ಇಟ್ಟರೆ, ಬೆಳಿಗ್ಗೆ ಚೀಲ ಮಗುಚಿದಾಗ ಅವು ಸಾಲಾಗಿ ಅಂಟಿಕೊಂಡಿರುತ್ತವೆ. ದೈತ್ಯ ಆಫ್ರಿಕನ್ ಬಸವನಹುಳುವಿನ ಹಾವಳಿಯಲ್ಲಿ ಬೆಳೆಗಾರರು ಮಾಡುವುದೂ ಇದನ್ನೇ. ಕೊಡಗಿನ ಕಾಫಿ ತೋಟಗಳಿಗೂ ಆ ಹಾವಳಿ ತಟ್ಟಿದೆ.

ಆ ದೈತ್ಯ ನಮ್ಮ ದೇಶಕ್ಕೆ ತೆವಳಿಕೊಂಡು ಬರಲಿಲ್ಲ. ವಿಲಿಯಂ ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಧ್ಯಯನಕಾರ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟ. ಇಂದಿಗೂ ಹೊಸ ಕೈತೋಟಕ್ಕೆ ಸಿಂಬಳದ ಹುಳು ಸೇರುವ ದೊಡ್ಡ ದಾರಿ ಮನುಷ್ಯರ ಕೈಯೇ. ನರ್ಸರಿಯಿಂದ ತಂದ ಕವರಿನ ಮಣ್ಣಿನಲ್ಲಿ ಮೊಟ್ಟೆಗಳ ಗೊಂಚಲು ಕಾಣದಂತೆ ಕೂತಿರುತ್ತದೆ. ನಾಲ್ಕನೇ ಮಹಡಿಯ ತಾರಸಿಗೆ ಅದು ಹೇಗೆ ಹತ್ತಿತು ಎಂದು ಅಚ್ಚರಿಪಡುವವರು ಗಿಡ ಕೊಂಡ ದಿನವನ್ನು ನೆನಪಿಸಿಕೊಳ್ಳಲಿ.

ಓದುಗರಲ್ಲಿ ನನ್ನ ಕೇಳಿಕೆ ಇಷ್ಟೇ. ಗಿಡ ಕೊಳ್ಳುವಾಗ ಕವರಿನ ತಳವನ್ನೂ ಮೇಲ್ಮಣ್ಣನ್ನೂ ಕೆದಕಿ ನೋಡಿ. ನೀರನ್ನು ಬೆಳಿಗ್ಗೆ ಕೊಡಿ. ತರಗೆಲೆಯನ್ನು ಸುಡದೆ, ಸಸಿಮಡಿಯಿಂದ ದೂರದ ಒಂದು ಮೂಲೆಯಲ್ಲಿ ಇರಲು ಬಿಡಿ. ಹುಳು ಹೆಕ್ಕುವಾಗ ಬರಿಗೈ ಬೇಡ, ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ತೊಳೆದೇ ತಿನ್ನಿ. ಮನುಷ್ಯರ ಮಿದುಳಿನ ಪೊರೆಗೆ ಉರಿಯೂತ ತರಬಲ್ಲ, ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಜಂತುವಿನ ಮರಿಗಳನ್ನು ಈ ಹುಳುಗಳು ಹೊತ್ತಿರಬಹುದು.