ಭಯಾನಕಕ್ಕೆ ಬಹುಮಾನ

ಅಮೆರಿಕೆಯ ಭಯಾನಕ ಲೇಖಕರ ಸಂಘವು ವರ್ಷಂಪ್ರತಿ ಕೊಡುವ ಪಾರಿತೋಷಕಗಳಿಗೆ 'ಡ್ರಾಕುಲಾ' ಗ್ರಂಥದ ಕರ್ತನಾದ ಬ್ರಾಮ್ ಸ್ಟೋಕರನ ಹೆಸರನ್ನಿಟ್ಟಿದ್ದಾರೆ. 1987ರಲ್ಲಿ ಪ್ರಕಟವಾದ ಗ್ರಂಥಗಳಿಗೆ 1988ರಲ್ಲಿ ಇವು ಮೊದಲು ಸಂದುವು. ಪಾರಿತೋಷಕವೆಂದರೆ ಪದಕವಲ್ಲ, ಭೂತದ ಮನೆಯ ಪುಟ್ಟ ಪ್ರತಿಕೃತಿ. ಬಾಗಿಲು ತೆರೆದರೆ ಒಳಗೆ ಗ್ರಂಥದ ಮತ್ತು ಗ್ರಂಥಕರ್ತರ ಹೆಸರು. ವಿನೋದವೇನೋ ಚೆನ್ನಾಗಿದೆ.

ಆದರೆ ಬಹುಮಾನವು ಸಲ್ಲುವುದು ಭೀತಿಗೋ, ರಸಕ್ಕೋ? ಭರತಮುನಿಯು ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅಭಿನವಗುಪ್ತಪಾದರು ರಸಾನುಭವವನ್ನು ವಿವರಿಸುವೆಡೆ ಶಾಕುಂತಲದ ಮೊದಲಂಕದಿಂದ, ದುಷ್ಯಂತನ ಬಾಣಕ್ಕೆ ಬೆದರಿ ಹಿಂದಿರುಗಿ ನೋಡುತ್ತ ಓಡುವ ಜಿಂಕೆಯನ್ನೇ ಉದಾಹರಿಸಿದರು. ಸಹೃದಯನಿಗೆ ಆ ಭಯವು ಜಿಂಕೆಯದೆಂದೂ ತೋರದು, ತನ್ನದೆಂದೂ ತೋರದು. ಅದು ದೇಶಕಾಲಗಳ ಕಟ್ಟು ಕಳಚಿದ ಭಯ. ಬಾಣವು ತನಗೇ ತಾಗೀತೆಂದು ಹೆದರಿದವನು ಎದ್ದು ಓಡುವನಲ್ಲದೆ ಆಸ್ವಾದಿಸನು. ಆದುದರಿಂದ ಎಷ್ಟು ಹೆದರಿಸಿತೆಂಬುದು ಗ್ರಂಥಕ್ಕೆ ತೂಕದ ಕಲ್ಲಾಗಲಾರದು.

ಮೊದಲ ವರ್ಷ ಕಾದಂಬರಿಯ ಬಹುಮಾನವನ್ನು ಸ್ಟೀಫನ್ ಕಿಂಗರ 'ಮಿಸರಿ'ಯೂ ರಾಬರ್ಟ್ ಮೆಕ್‌ಕ್ಯಾಮನ್ ಅವರ 'ಸ್ವಾನ್ ಸಾಂಗ್' ಎಂಬುದೂ ಹಂಚಿಕೊಂಡುವು. ಎರಡನೆಯದರಲ್ಲಿ ಅಣ್ವಸ್ತ್ರಯುದ್ಧದಿಂದ ನಾಡೇ ಸುಟ್ಟುಹೋಗುತ್ತದೆ. 'ಮಿಸರಿ'ಯಲ್ಲಿರುವುದೋ ಒಂದು ಒಂಟಿಮನೆ, ಕಾಲು ಮುರಿದ ಕಾದಂಬರಿಕಾರ, ಅವನನ್ನು ಬದುಕಿಸಿ ಸೆರೆಯಿಟ್ಟ ದಾದಿ. ಭೂತವಿಲ್ಲ, ಪಿಶಾಚವಿಲ್ಲ. ಆಕೆ ಅವನ ಗ್ರಂಥಗಳ ಪರಮಭಕ್ತೆ. ಕಥೆಯಲ್ಲಿ ಅವನು ಸಾಯಿಸಿದ ನಾಯಿಕೆಯನ್ನು ಮರಳಿ ಬದುಕಿಸೆಂದು ಬಲಾತ್ಕರಿಸುವಳು. ಮೆಚ್ಚಿದ ಕಥೆ ಮುಗಿಯಬಾರದೆಂದು ಬಯಸದ ಓದುಗರಾರು? ಆ ಬಯಕೆಯೇ ಇಲ್ಲಿ ಭಯಕ್ಕೆ ಬೀಜವಾದುದು ಕವಿಯ ಜಾಣ್ಮೆ. ಕೊಡಲಿಯಿಂದ ಪಾದವನ್ನು ಕಡಿಯುವೆಡೆಯಲ್ಲಿ ಮಾತ್ರ ಜುಗುಪ್ಸೆ ಮುಂದಾಗಿ ಭಯಾನಕವು ಕುಗ್ಗುತ್ತದೆ. ಭವಭೂತಿಯೂ ಮಾಲತೀಮಾಧವದ ಐದನೆಯ ಅಂಕದಲ್ಲಿ ಶ್ಮಶಾನವನ್ನು ಧಾರಾಳವಾಗಿ ವರ್ಣಿಸಿದನು. ಆದರೆ ಅದರ ನಡುವೆ ಮಾಧವನ ಪ್ರೇಮವು ಆರಲಿಲ್ಲ.

ಸಂಘದವರು 'ಅತ್ಯುತ್ತಮ' ಎನ್ನದೆ 'ಉತ್ಕೃಷ್ಟ ಸಾಧನೆ' ಎಂದಷ್ಟೇ ಹೇಳುವುದು ವಿನಯಕ್ಕೆ ತಕ್ಕುದು. ಆದರೂ ಕಡೆಯ ನಿರ್ಣಯವು ಸದಸ್ಯ ಲೇಖಕರ ಮತಗಳಿಂದಾಗುವುದರಿಂದ, ಗುಣದೊಡನೆ ಪರಿಚಯವೂ ತಕ್ಕಡಿಗೆ ಬೀಳುವ ಶಂಕೆ ತಪ್ಪದು. 2007ರ ಗ್ರಂಥಗಳಿಂದ ಮೊದಲಾದ ಶರ್ಲಿ ಜ್ಯಾಕ್ಸನ್ ಪಾರಿತೋಷಕಗಳನ್ನು ಕೆಲವೇ ಮಂದಿ ಪರೀಕ್ಷಕರು ಓದಿ ನಿಶ್ಚಯಿಸುವರು; ಈ ಪದ್ಧತಿಯೇ ಮೇಲು. ಆ ಹೆಸರೂ ಒಪ್ಪುವಂತಹುದು. 1948ರಲ್ಲಿ ಪ್ರಕಟವಾದ ಆಕೆಯ 'ದಿ ಲಾಟರಿ'ಯಲ್ಲಿ ಬಿಸಿಲು ಕಾಯುವ ಒಂದು ಬೆಳಗ್ಗೆ ಊರವರು ನಗುನಗುತ್ತ ಚೀಟಿಯೆತ್ತುವರು. ಕಡೆಗೆ ಅವರ ಕೈಗೆ ಕಲ್ಲು ಬರುತ್ತದೆ.