ಸರ್ಚ್ ಬಾರ್ ಎಂಬ ಮರ್ಯಾದಸ್ಥ

ಬಾಣಾವರದ ಕೊಬ್ಬರಿ ಅಂಗಡಿಯ ಕಂಪ್ಯೂಟರಿನಲ್ಲಿ ಬಸವರಾಜರಿಗೇನು ಬರವೇ? ‘ಬಸವ’ ಎಂದು ಒತ್ತಿದರೆ ಪರದೆ ತುಂಬ ಹೆಸರು. ‘ಜಾವಗಲ್’ ಸೇರಿಸಿದರೆ ಬೇಕಾದವರೊಬ್ಬರೇ ಉಳಿಯುತ್ತಾರೆ. ಗಿರಾಕಿಯನ್ನು ನಿಲ್ಲಿಸಿಕೊಂಡು ಲೆಡ್ಜರ್ ತಿರುವಿ ಹಾಕಿದವರಿಗೇ ಈ ಪುಟ್ಟ ಸರ್ಚ್ ಬಾರಿನ ಬೆಲೆ ಗೊತ್ತು.

ಇದರ ಕಸುಬುದಾರಿಕೆ ಕಣ್ಣಿಗೆ ಬೀಳುವಂಥದ್ದಲ್ಲ. ತಂತ್ರಾಂಶಗಳ ಪರದೆ ಕಟ್ಟಲು ಬಳಸುವ ಜಿಟಿಕೆ 4 ಎಂಬ ಸಲಕರಣೆಯ ಹುಡುಕುವ ಪೆಟ್ಟಿಗೆ ಪ್ರತಿ ಅಕ್ಷರಕ್ಕೂ ಓಡುವುದಿಲ್ಲ. ಬೆರಳು ನಿಂತು 150 ಮಿಲಿಸೆಕೆಂಡ್ ಕಳೆದ ಮೇಲೆ ಹುಡುಕಲು ಸೂಚನೆ ಕೊಡುತ್ತದೆ. ಎಸ್ಕೇಪ್ ಒತ್ತಿದರೆ ಬಾರ್ ತಾನಾಗಿ ಮರೆಯಾಗುತ್ತದೆ.

ಎಡವುವುದು ಕನ್ನಡದಲ್ಲಿ. ‘ರಾಜ್‌ಕುಮಾರ್’ನಲ್ಲಿ ಜ್, ಕು ಒತ್ತಕ್ಷರವಾಗದಂತೆ ನಡುವೆ ಕಾಣದ ಅಕ್ಷರವೊಂದು ಕೂತಿರುತ್ತದೆ, ಅದಿಲ್ಲದೆ ಹುಡುಕಿದರೆ ಹೆಸರೇ ಇಲ್ಲ ಎನ್ನುವ ತಂತ್ರಾಂಶಗಳಿವೆ. ತಂತ್ರಾಂಶ ಬರೆಯುವವರೇ, ಹೋಲಿಸುವ ಮುನ್ನ ಎರಡೂ ಕಡೆ ಅದನ್ನು ಕಳಚಿಬಿಡಿ. ಒಂದೆರಡು ಸಾಲಿನ ಕೆಲಸವಷ್ಟೆ.